ಹೆಸರು ಬದಲಿಸಿದರೆ ಫೈಲು ಬದಲಾಗಲ್ಲ ಕಣ್ರಪ್ಪ

ಮಂಡ್ಯದ ವಿ.ವಿ. ರಸ್ತೆ ಕಡೆ ನಮ್ಮದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಅಸೈನ್‌ಮೆಂಟ್ ಸಲ್ಲಿಸೋ ವಾರ ಬಂತು ಅಂದ್ರೆ ಸಂಜೆ ಹೊತ್ತು ನಿಲ್ಲೋಕೂ ಜಾಗ ಇರಲ್ಲ. ಬರೋ ಹೈಕ್ಳು ಬರೆಯೋದೇನೋ ಚೆನ್ನಾಗೇ ಬರೀತಾರೆ. ಬರೆದದ್ದು ಮೇಷ್ಟ್ರ ಕಂಪ್ಯೂಟರಿನಲ್ಲಿ ತೆರೆಯಲ್ಲ, ಅದೇ ಗೋಳು.

ಮೊನ್ನೆ ಒಬ್ಬ ಪಿಯುಸಿ ಹುಡುಗ ಬಂದು, "ಅಣ್ಣಾ, ಪಿಡಿಎಫ್ ಮಾಡೇ ಕಳ್ಸಿದ್ದೀನಿ, ಮೇಡಂ ಓಪನ್ ಆಗ್ತಿಲ್ಲ ಅಂತಾರೆ" ಅಂದ. ನೋಡಿದರೆ ವರ್ಡ್ ಫೈಲಿನ ಹೆಸರಿನ ಕೊನೆಯಲ್ಲಿದ್ದ 'ಡಾಕ್ಸ್' (docx) ಅಳಿಸಿ 'ಪಿಡಿಎಫ್' ಅಂತ ಟೈಪ್ ಮಾಡಿದ್ದಾನೆ! ಸಕ್ಕರೆ ಮೂಟೆಗೆ ಬೆಲ್ಲ ಅಂತ ಚೀಟಿ ಅಂಟಿಸಿದ ಹಾಗೆ. ಅದೇ ಫೈಲಿನ ಕೊನೆಗೆ 'ಜಿಪ್' ಅಂತ ಹಾಕಿ ತೆರೆದು ತೋರಿಸಿದೆ. ಒಳಗೆ ಫೋಲ್ಡರುಗಳು, ಅವನ ಪ್ರಬಂಧ ಒಂದು ಕಡೆ, ಚಿತ್ರಗಳು ಇನ್ನೊಂದು ಕಡೆ. ಡಾಕ್ಸ್ ಅಂದ್ರೆ ನಿಜಕ್ಕೂ ಹಲವು ಫೈಲು ಒಂದಾಗಿ ಕಟ್ಟಿದ ಜಿಪ್ ಕಟ್ಟೇ. ಹುಡುಗ ಪ್ರಬಂಧ ಮರೆತು ಅದನ್ನೇ ನೋಡ್ತಾ ಕೂತ. ಪಿಡಿಎಫ್ ಬೇಕು ಅಂದ್ರೆ ವರ್ಡ್‌ನಲ್ಲಿ 'ಸೇವ್ ಆ್ಯಸ್'ಗೆ ಹೋಗಿ, ಕೆಳಗಿನ ಪಟ್ಟಿಯಲ್ಲಿ ಪಿಡಿಎಫ್ ಆರಿಸಬೇಕು. ಮೊಬೈಲಿನ ಗೂಗಲ್ ಡಾಕ್ಸ್ ಆದ್ರೆ ಮೇಲಿನ ಮೂರು ಚುಕ್ಕಿ ಒತ್ತಿ 'ಶೇರ್ ಅಂಡ್ ಎಕ್ಸ್‌ಪೋರ್ಟ್'. ವಿಂಡೋಸ್ ತಾನಾಗೇ ಫೈಲಿನ ಬಾಲ ತೋರಿಸಲ್ಲ. 'ವ್ಯೂ'ನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್'ಗೆ ಟಿಕ್ ಹಾಕಿಟ್ಕೊಳ್ಳಿ, ಕೈಲಿರೋದು ಏನು ಅಂತ ಆಗ ಗೊತ್ತಾಗುತ್ತೆ.

ಇಂಗ್ಲಿಷ್ ಅಸೈನ್‌ಮೆಂಟಿಗೆ ಇಷ್ಟು ಸಾಕು. ಕನ್ನಡದ್ದೇ ಬೇರೆ ಕಥೆ.

ಕನ್ನಡ ಟೈಪಿಂಗ್ ಸಾಫ್ಟ್‌ವೇರ್ 'ನುಡಿ'ಯ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೊಂದು ಓರೆಗೆರೆ, ನಡುನಡುವೆ ಪೌಂಡಿನ ಗುರುತು (£). ವೈರಸ್ ಅಂತ ಹೆದರಿ ಡಿಲೀಟ್ ಮಾಡಿದವರೂ ಇದ್ದಾರೆ. ವೈರಸ್ಸೂ ಅಲ್ಲ, ಮಣ್ಣೂ ಅಲ್ಲ. ಫೈಲಿನೊಳಗೆ ಇರೋದೇ ಆ ಗುರುತುಗಳು. ಪೌಂಡನ್ನ 'ನ'ಕಾರದ ಆಕಾರದಲ್ಲಿ ತೋರಿಸ್ತಿದ್ದದ್ದು ಫಾಂಟು. ಫಾಂಟ್ ಹೋಯ್ತು, ಕನ್ನಡವೂ ಹೋಯ್ತು. ಯೂನಿಕೋಡ್ ಅಂದ್ರೆ ಎಲ್ಲ ಭಾಷೆಗಳ ಅಕ್ಷರಕ್ಕೂ ಕಂಪ್ಯೂಟರಿಗೆ ಗೊತ್ತಾಗೋ ಸಂಕೇತ ಕೊಡೋ ಪದ್ಧತಿ; ಅದರಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರೋದರಿಂದ ಈಗಿನ ಯಾವ ಫೋನಿನಲ್ಲಾದ್ರೂ ಓದಬಹುದು. ಹೊಸ ನುಡಿಯಲ್ಲೂ ಯೂನಿಕೋಡ್ ಆಯ್ಕೆ ಇದೆ, ಟೈಪ್ ಮಾಡೋಕೆ ಮುಂಚೆ ಅದನ್ನ ಹಾಕ್ಕೊಳ್ಳಿ. ಹಳೇ ಫೈಲನ್ನ ಪರಿವರ್ತಕ ಸಾಫ್ಟ್‌ವೇರಿಗೆ ಹಾಕಿ ಯೂನಿಕೋಡ್‌ಗೆ ಬದಲಿಸಬಹುದು, ಆಮೇಲೆ ಒತ್ತಕ್ಷರ, ಅರ್ಕಾವತ್ತು ಕೂತು ನೋಡಲೇಬೇಕು.

ಪಿಡಿಎಫ್ ಮಾಡಿದರೆ ಫಾಂಟೂ ಸಾಮಾನ್ಯವಾಗಿ ಅದರೊಳಗೇ ಕೂತು ಹೋಗುತ್ತೆ. ನುಡಿ ಇಲ್ಲದ ಕಡೆಯೂ ಕನ್ನಡ ಕನ್ನಡವಾಗೇ ಕಾಣುತ್ತೆ, ಇಲ್ಲಿ ಹತ್ತು ಪುಟ ಇದ್ದದ್ದು ಅಲ್ಲಿ ಹನ್ನೊಂದಾಗಲ್ಲ. ಅಡೋಬಿ ಕಂಪನಿ ಇದನ್ನ 1993ರಲ್ಲಿ ತಂದದ್ದೇ ಇದಕ್ಕೆ. 2008ರಿಂದ ಐಎಸ್‌ಒ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡವೂ ಆಗಿದೆ, ತೆರೆಯೋಕೆ ಅವರದೇ ಸಾಫ್ಟ್‌ವೇರ್ ಬೇಕು ಅಂತಿಲ್ಲ.

ಹಾಗಂತ ಎಲ್ಲಕ್ಕೂ ಪಿಡಿಎಫ್ ಅಂತ ಹಟ ಮಾಡಬೇಡಿ. ಕೆಲವು ಮೇಷ್ಟ್ರು ವರ್ಡ್ ಫೈಲೇ ಕೇಳ್ತಾರೆ. ಅವರದು ಕಿರಿಕಿರಿ ಅಂತ ಹೈಕ್ಳು ಗೊಣಗ್ತಾರೆ, ನನಗೆ ಹಾಗನ್ನಿಸಲ್ಲ. ಸಾಲಿನ ಪಕ್ಕದಲ್ಲೇ ಕಾಮೆಂಟ್ ಹಾಕಿ ತಿದ್ದಿ ಕಳಿಸೋ ಮೇಷ್ಟ್ರು ಸಿಕ್ಕಿದರೆ ಪುಣ್ಯ. ಡಾಕ್ಸ್ ಕೊಡಿ, ಯೂನಿಕೋಡ್‌ನಲ್ಲಿ ಕೊಡಿ. ಪಿಡಿಎಫ್ ಕೊಟ್ಟರೂ ಮೂಲ ಫೈಲು ಮಾತ್ರ ಅಳಿಸಬೇಡಿ. ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿದರೆ ಬಹಳ ಸಲ ಒತ್ತುಗಳು ಚೆಲ್ಲಾಪಿಲ್ಲಿ; ಸರಿ ಮಾಡೋದಕ್ಕಿಂತ ಹೊಸದಾಗಿ ಟೈಪ್ ಮಾಡೋದೇ ಬೇಗ.

ಕೈಬರಹದ್ದಾದ್ರೆ ಎಲ್ಲಾ ಪುಟ ಸೇರಿಸಿ ಒಂದೇ ಪಿಡಿಎಫ್ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ 'ಡಾಕ್ಯುಮೆಂಟ್' ಅಂತ ಕಳಿಸಿ. ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತೆ, ಪೆನ್ಸಿಲ್ ಅಕ್ಷರ ಕಾಣಲ್ಲ. ಐಫೋನ್ ಇರೋರು ಕ್ಯಾಮೆರಾ ಸೆಟ್ಟಿಂಗ್‌ನ 'ಫಾರ್ಮ್ಯಾಟ್ಸ್'ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಮಾಡ್ಕೊಳ್ಳಿ, ಇಲ್ಲದಿದ್ರೆ ಫೋಟೋ ಹೆಚ್‌ಇಐಸಿ ಅನ್ನೋ ಬೇರೆ ಬಗೆಯ ಫೈಲಾಗಿ ಬರುತ್ತೆ, ಹಳೇ ಕಂಪ್ಯೂಟರುಗಳಿಗೆ ಅದು ಅರ್ಥವಾಗಲ್ಲ.

ಪಿಡಿಎಫ್ ಮಾಡಿಕೊಡೋಕೆ ನಾನು ದುಡ್ಡು ತಗೊಳ್ಳಲ್ಲ, ಪ್ರಿಂಟಿಗಷ್ಟೇ. ಫೈಲನ್ನ ಮಾತ್ರ ನಿಮ್ಮ ಮೇಲ್‌ಗೆ ಕಳಿಸಿಕೊಂಡೇ ಹೋಗಿ. ಭಾನುವಾರ ಅಂಗಡಿ ಕಂಪ್ಯೂಟರಿನಲ್ಲಿರೋದನ್ನೆಲ್ಲ ಅಳಿಸಿಬಿಡ್ತೀನಿ.