ಎಂಟೂವರೆ ಲಕ್ಷ ಡಾಲರ್ ಇದ್ರೂ ಹಿಂದುಳಿದವ

ಅಮೆರಿಕದಲ್ಲಿ ಸಣ್ಣ ಐಟಿ ಕಂಪನಿ ನಡೆಸೋ ನನ್ನ ಗೆಳೆಯ ಫೆಡರಲ್ ಸರ್ಕಾರದ ಕಾಂಟ್ರಾಕ್ಟ್ ಸಿಗ್ಲಿ ಅಂತ ಎಸ್‌ಬಿಎ (ಅಲ್ಲಿನ ಸಣ್ಣ ಉದ್ದಿಮೆ ಇಲಾಖೆ) ಹಿಂದುಳಿದವರ ಕಂಪನಿಗಳಿಗೆ ಅಂತ ನಡೆಸೋ 8(ಎ) ಪ್ರೋಗ್ರಾಮ್‌ಗೆ ಅರ್ಜಿ ಹಾಕ್ತಿದ್ದ, ಲೆಕ್ಕ ನೋಡ್ಕೊಡೋಕೆ ನಾನೂ ಪಕ್ಕದಲ್ಲಿ ಕೂತಿದ್ದೆ. ಫಾರ್ಮ್ 413 ಅಂತ ಒಂದಿದೆ, ಅದ್ರಲ್ಲಿ ಕಾರು, ಶೇರು, ಇನ್ಶೂರೆನ್ಸ್ ಪಾಲಿಸಿಯ ಸರೆಂಡರ್ ವ್ಯಾಲ್ಯೂ, ಸಾಲ ಎಲ್ಲಾ ಬರೀಬೇಕು. "ಲೋ, ಇಷ್ಟೆಲ್ಲಾ ಬರೆದ್ಮೇಲೂ ನನ್ನನ್ನ ಹಿಂದುಳಿದವ ಅಂತ ಯಾರೋ ಒಪ್ತಾರೆ?" ಅಂದ.

ಒಪ್ತಾರೆ, ಅದೇ ತಮಾಷೆ. 2022ರಲ್ಲಿ ಏರಿಸಿದ ಮಿತಿ ಪ್ರಕಾರ ನೆಟ್ ವರ್ತ್ (ಆಸ್ತಿಯಲ್ಲಿ ಸಾಲ ಕಳೆದು ಉಳಿಯೋದು) 8,50,000 ಡಾಲರ್‌ಗಿಂತ ಕಮ್ಮಿ, 3 ವರ್ಷದ ಸರಾಸರಿ ಆದಾಯ 4,00,000ದ ಒಳಗೆ, ಒಟ್ಟು ಆಸ್ತಿ 65 ಲಕ್ಷ ಡಾಲರ್ ದಾಟಬಾರದು. ನೆಟ್ ವರ್ತ್ ಲೆಕ್ಕದಲ್ಲಿ ಸ್ವಂತ ವಾಸದ ಮನೇಲಿರೋ ಪಾಲು ಬರಲ್ಲ, ಕಂಪನೀಲಿರೋ ಪಾಲೂ ಬರಲ್ಲ, ರಿಟೈರ್‌ಮೆಂಟ್ ಅಕೌಂಟೂ ಬರಲ್ಲ.

ಅದೇ ದೇಶದಲ್ಲಿ ದಿನಸಿಗೆ ಸಹಾಯ ಕೊಡೋ ಸ್ನ್ಯಾಪ್‌ಗೆ ಹೋದ್ರೆ ಲೆಕ್ಕವೇ ಬೇರೆ. ಮೂಲ ನಿಯಮದಲ್ಲಿ ಆದಾಯ ಬಡತನ ರೇಖೆಯ 130 ಪರ್ಸೆಂಟ್ ಮೀರಬಾರದು. ಆ ರೇಖೆ ಎಲ್ಲಿಂದ ಬಂತು ಅಂದ್ರೆ, 1960ರ ದಶಕದ ಶುರುವಲ್ಲಿ ಸೋಶಿಯಲ್ ಸೆಕ್ಯುರಿಟಿ ಇಲಾಖೆಯಲ್ಲಿದ್ದ ಮಾಲಿ ಓರ್ಶಾನ್ಸ್ಕಿ ಅನ್ನೋ ಹೆಣ್ಮಗಳು, ಮನೆಯವರು ಆದಾಯದಲ್ಲಿ ಸುಮಾರು ಮೂರನೇ ಒಂದು ಭಾಗ ಊಟಕ್ಕೆ ಖರ್ಚು ಮಾಡ್ತಾರೆ ಅಂತ 1955ರ ಸರ್ವೆಯಲ್ಲಿ ಇದ್ದಿದ್ದನ್ನ ತಗೊಂಡು ಅತಿ ಅಗ್ಗದ ಊಟದ ಖರ್ಚನ್ನ ಮೂರರಿಂದ ಗುಣಿಸಿದ್ರು, ಅಷ್ಟೇ. ಇವತ್ತಿಗೂ ಅದರ ಮೇಲೇ ಬೆಲೆ ಏರಿಕೆ ಸೇರಿಸ್ಕೊಂಡು ಬರ್ತಿದಾರೆ. ಬಾಡಿಗೆ ಎಷ್ಟಾಯ್ತು, ಮಗು ನೋಡ್ಕೊಳ್ಳೋರಿಗೆ ಎಷ್ಟು ಕೊಟ್ರಿ ಅನ್ನೋದು ಆ ರೇಖೇಲಿ ಎಲ್ಲೂ ಇಲ್ಲ. ಅಲಾಸ್ಕ, ಹವಾಯಿ ಬಿಟ್ರೆ ನ್ಯೂಯಾರ್ಕ್‌ಗೂ ಮಿಸಿಸಿಪ್ಪಿ ಹಳ್ಳಿಗೂ ಒಂದೇ ರೇಖೆ (ಇದು ನಂಗೆ ಇನ್ನೂ ಅರಗಿಲ್ಲ).

ಮೊದಲು ನಂಗೂ ಸಿಟ್ಟು ಬಂತು, ಲಕ್ಷಗಟ್ಲೆ ಡಾಲರ್ ಇರೋನು ಯಾವ ಸೀಮೆ ಹಿಂದುಳಿದವನು ಅಂತ. ಆಮೇಲೆ ರೂಲ್ ಓದಿದ್ರೆ ಅಲ್ಲಿ ಕೇಳೋದು ಹಸಿವಿನ ಪ್ರಶ್ನೆನೇ ಅಲ್ಲ, ಅದೇ ವ್ಯಾಪಾರದಲ್ಲಿರೋ ಬೇರೆಯವರ ಜೊತೆ ಹೋಲಿಸಿದ್ರೆ ಇವನಿಗೆ ಬಂಡವಾಳ, ಸಾಲ ಸಿಗೋದು ಕಷ್ಟ ಆಗಿದೆಯಾ ಅನ್ನೋದು. ದೊಡ್ಡ ಕಾಂಟ್ರಾಕ್ಟ್ ಹಿಡಿಯೋಕೆ ಬಿಲ್ ಪಾಸಾಗೋವರೆಗೂ ಜನರಿಗೆ ಸಂಬಳ ಕೊಡೋ ತಾಕತ್ತು ಬೇಕು, ಅಲ್ಲಿ ಕೈಯಲ್ಲಿರೋ 3 ಲಕ್ಷ ಅರೆಕಾಸಿನ ಮಜ್ಜಿಗೆ. ಹಾಗಾಗಿ ಎರಡು ಅಳತೆ ಇರೋದು ತಪ್ಪಲ್ಲ, ಇಬ್ಬರನ್ನೂ ಹಿಂದುಳಿದವರು ಅಂತ ಒಂದೇ ಹೆಸರಲ್ಲಿ ಕರೆಯೋದು ತಪ್ಪು ಅಂತ ನನ್ನ ಅನಿಸಿಕೆ, ಯಾಕಂದ್ರೆ ಸರ್ಕಾರಿ ಸಹಾಯನ ಬೈಯೋರು ಕಾಂಟ್ರಾಕ್ಟ್‌ನ ಅಂಕಿ ತೋರಿಸಿ ಬೈತಾರೆ, ಏಟು ಬೀಳೋದು ದಿನಸಿ ಕಾರ್ಡ್ ಇರೋರಿಗೆ.

ಗೆಳೆಯನ ನೆಟ್ ವರ್ತ್ ಮಿತಿಯ ಒಳಗೇ ಬಂತು. ಈಗ ಟ್ಯಾಕ್ಸ್ ರಿಟರ್ನ್ ಹುಡುಕ್ತಿದಾನೆ, 3 ವರ್ಷದ್ದು ಬೇಕು, ಮಧ್ಯದ್ದು ಸಿಗ್ತಿಲ್ವಂತೆ.