ತೊಗಟೆ ಎತ್ತಿ ನೋಡಲು ಹೋದ ದಿನ

ಎರಡು ದಿನ ಸುರಿದ ಮಳೆ ನಿಂತಿತ್ತು. ಇಂಥ ಹೊತ್ತಲ್ಲಿ ಕಾಡಿಗೆ ಹೋದರೆ ಬಿದ್ದ ಮರಗಳನ್ನೇ ನೋಡಬೇಕು ಅಂತ ಗೆಳೆಯ ಮೊದಲೇ ಹೇಳಿದ್ದ. ಬೆಳಕು ಹರಿಯುವಾಗಲೇ ಹೊರಟೆವು. ದಾರಿ ಪೂರ್ತಿ ಜಾರು, ಅದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಒಂದು ಗಂಟೆ ನಡೆದ ಮೇಲೆ ನಾವು ಹುಡುಕುತ್ತಿದ್ದಂಥ ಮರವೇ ಸಿಕ್ಕಿತು: ಬಿದ್ದು ವರ್ಷಗಳಾದ ದಪ್ಪ ಕಾಂಡ, ಬದಿಯಲ್ಲಿ ಬೀಸಣಿಗೆಯಂಥ ಅಣಬೆಗಳ ಸಾಲು, ಬೆರಳು ತೂರುವಷ್ಟು ಸಡಿಲವಾದ ತೊಗಟೆ.

ಮೆಲ್ಲಗೆ ಎತ್ತಿದೆ. ಒಳಗೆ ಶಿಲೀಂಧ್ರದ ಬಿಳಿ ಎಳೆಗಳು ಬಲೆಯಂತೆ ಹಬ್ಬಿದ್ದವು, ಅವುಗಳ ನಡುವೆ ಸುಮಾರು ಐದು ಮಿಲಿಮೀಟರ್ ಉದ್ದದ ಎರಡು ಜೀರುಂಡೆಗಳು. ಚಪ್ಪಟೆ ಮೈ, ಕಂದು ಬಣ್ಣ, ಬೆನ್ನ ಮೇಲೆ ಕಿತ್ತಳೆ ಚುಕ್ಕೆ. ಚುಕ್ಕೆ ನೋಡಿದ್ದೇ ತಡ, "ಎರೋಟಿಲಿಡೆ ಕಣೋ" ಅಂದುಬಿಟ್ಟೆ. ಅಣಬೆ ತಿನ್ನುವ ಜೀರುಂಡೆಗಳ ಒಂದು ಕುಟುಂಬ ಅದು.

"ಚುಕ್ಕೆ ನಂಬಬೇಡ, ಲೆನ್ಸ್ ಹಿಡಿ" ಅಂದ ಅವನು.

ಅವನು ಹೇಳಿದ್ದೇ ಸರಿ. ಅಣಬೆ ತಿನ್ನುವ ಜೀರುಂಡೆಗಳಲ್ಲಿ ಕಿತ್ತಳೆ ಚುಕ್ಕೆ ಹಲವು ಕುಟುಂಬಗಳಲ್ಲಿದೆ. ಲೆನ್ಸಿನಡಿ ನೋಡಿದರೆ ಬೆನ್ನ ತುಂಬ ಹಿಂದಕ್ಕೆ ಬಾಚಿದ ಹಾಗೆ ಸಣ್ಣ ಸಣ್ಣ ಕೂದಲು. ಎರೋಟಿಲಿಡೆಯವು ಸಾಮಾನ್ಯವಾಗಿ ನುಣ್ಣಗೆ ಹೊಳೆಯುತ್ತವೆ, ಅಲ್ವಾ? ಹಾಗಾದರೆ ಇವು ಮೈಸೆಟೋಫ್ಯಾಜಿಡೆ ಇರಬೇಕು. ಗ್ರೀಕಿನಲ್ಲಿ ಆ ಹೆಸರಿನ ಅರ್ಥವೇ ಅಣಬೆ ತಿನ್ನುವವು. ಪ್ರಪಂಚದಲ್ಲೆಲ್ಲ ಸೇರಿ ಸುಮಾರು 130 ಜಾತಿಗಳ ಚಿಕ್ಕ ಕುಟುಂಬ. ಕೂಡಿಟ್ಟ ಧಾನ್ಯದಲ್ಲಿ ಕಾಣುವ ಟೈಫಿಯಾ ಸ್ಟರ್ಕೋರಿಯಾ ಕೂಡ ಇದರದ್ದೇ. ಅದು ಮುಖ್ಯವಾಗಿ ತಿನ್ನುವುದು ಕಾಳಿಗೆ ಹಿಡಿದ ಬೂಷ್ಟನ್ನು.

ಆದರೆ ಕೂದಲು ನೋಡಿ ಸುಮ್ನೆ ಹೆಸರು ಹೇಳಿ ಮುಗಿಸುವಂತಿಲ್ಲ. ಪಾದದ ಗೆಣ್ಣು ಎಣಿಸಬೇಕು. ಒಂದನ್ನು ಗಾಜಿನ ಸೀಸೆಗೆ ಬಿಟ್ಟು, ಕೆಳಗಿನಿಂದ ಫೋಟೋ ತೆಗೆದು, ಅದನ್ನು ದೊಡ್ಡದು ಮಾಡಿ, ಒಬ್ಬರಾದ ಮೇಲೆ ಒಬ್ಬರು ಎಣಿಸಿದೆವು. ಮುಂಗಾಲಲ್ಲಿ ನಾಲ್ಕು, ನಡುಗಾಲಲ್ಲಿ ನಾಲ್ಕು, ಹಿಂಗಾಲಲ್ಲಿ ನಾಲ್ಕು. ಟೆನೆಬ್ರಿಯೋನಿಡೆ ಅನ್ನುವ ಇನ್ನೊಂದು ಜೀರುಂಡೆ ಕುಟುಂಬದ್ದಾಗಿದ್ದರೆ ಇದೇ ಕ್ರಮದಲ್ಲಿ ಸಾಮಾನ್ಯವಾಗಿ 5-5-4 ಬರಬೇಕಿತ್ತು, ಹಾಗಾಗಿ ಆ ಅನುಮಾನ ಹೋಯಿತು. ಇನ್ನೊಂದನ್ನೂ ಹಾಗೇ ನೋಡಿದೆವು. ಮುಂಗಾಲಲ್ಲಿ ಮೂರೇ!

ಗೆಣ್ಣು ಮುರಿದಿರಬೇಕು ಅಂದುಕೊಂಡೆ. ಮುರಿದಿದ್ದರೆ ತುದಿಯ ಉಗುರೂ ಹೋಗಿರಬೇಕು. ಫೋಟೋದಲ್ಲಿ ಮೂರನೇ ಗೆಣ್ಣಿನ ತುದಿಯಲ್ಲಿ ಎರಡು ಉಗುರು ಸರಿಯಾಗಿಯೇ ಇದ್ದವು, ಆಚೆ ಬದಿಯ ಮುಂಗಾಲಲ್ಲೂ ಅಷ್ಟೇ. ಆಗ ಹೊಳೆಯಿತು. ಈ ಕುಟುಂಬದಲ್ಲಿ ಹೆಣ್ಣಿನ ಲೆಕ್ಕ 4-4-4, ಗಂಡಿನ ಲೆಕ್ಕ 3-4-4. ನಮ್ಮ ಮುಂದೆ ಇದ್ದದ್ದು ಒಂದು ಗಂಡು, ಒಂದು ಹೆಣ್ಣು. ಕುಟುಂಬ ಯಾವುದು ಅಂತ ಇನ್ನು ಅನುಮಾನವೇ ಇರಲಿಲ್ಲ. ಓದಿ ಗೊತ್ತಿದ್ದ ವಿಷಯವೇ, ಆದರೂ ಆ ಉಗುರು ಕಂಡಾಗ ನನ್ನ ಕೈ ಸಣ್ಣಗೆ ನಡುಗುತ್ತಿತ್ತು.

ಎರಡನ್ನೂ ಸಿಕ್ಕಿದ ಜಾಗದಲ್ಲೇ ಬಿಟ್ಟು ತೊಗಟೆಯನ್ನು ಮೊದಲಿದ್ದಂತೆ ಒತ್ತಿ ಕೂರಿಸಿದೆವು. ತೆರೆದಿಟ್ಟರೆ ಗಾಳಿಗೆ ಆ ಬಿಳಿ ಎಳೆಗಳು ಒಣಗುತ್ತವೆ, ಈ ಜೀರುಂಡೆಗಳ ಊಟವೇ ಅದು. ಗೆಳೆಯ ಆಗಲೇ ಮುಂದಿನ ಮರದ ಹತ್ತಿರ ಬಗ್ಗಿ ನಿಂತಿದ್ದ.