ಇನ್ನೂ ಪೇಪರ್ ಓದುತ್ತೀರಾ ಎಂದು ಕೇಳುವವರಿಗೆ

ಪತ್ರಿಕೆ ಬಿಡಿಸಿಕೊಂಡು ಕೂತರೆ ಸಾಕು, ಪಕ್ಕದಲ್ಲಿರುವ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಇದರಲ್ಲಿರುವುದೆಲ್ಲ ರಾತ್ರಿಯೇ ಮೊಬೈಲ್‌ನಲ್ಲಿ ಬಂದಿತ್ತಲ್ಲ, ಮತ್ತೇಕೆ ಓದುತ್ತೀರಿ?’ ದನಿಯಲ್ಲಿ ಕುಹಕವಿರುವುದಿಲ್ಲ, ನಿಜವಾದ ಅಚ್ಚರಿಯೇ ಇರುತ್ತದೆ. ಇದಕ್ಕೆ ಎರಡು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. ಒಂದು, ಅಭ್ಯಾಸಬಲ. ಇನ್ನೊಂದು, ಕಾಗದ ಮತ್ತು ಶಾಯಿಯ ಘಮ. ಎರಡೂ ನನಗೆ ಒಪ್ಪಿಗೆಯಿಲ್ಲ. ಅಭ್ಯಾಸ ಎಂದುಬಿಟ್ಟರೆ ಪ್ರಶ್ನೆಯಿಂದ ನುಣುಚಿಕೊಂಡಂತಾಯಿತು. ಆ ಅಭ್ಯಾಸವೇ ಏಕೆ ಉಳಿಯಿತು, ಟೆಲಿಗ್ರಾಂ ಕಳುಹಿಸುವ ಅಭ್ಯಾಸ ಏಕೆ ಉಳಿಯಲಿಲ್ಲ? ಘಮದ ಮಾತು ಹೇಳುವವರು ಪತ್ರಿಕೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದ್ದಾರೋ ಇಲ್ಲವೋ. ಅಗ್ಗದ ಕಾಗದ ಮತ್ತು ಪೂರ್ತಿ ಒಣಗದ ಶಾಯಿಗೆ ಎಂಥ ವಾಸನೆ ಇರಬೇಕೋ ಅಂಥದೇ ಇರುತ್ತದೆ.

ಕೇಳುವವರ ಪ್ರಶ್ನೆಯಲ್ಲಿ ಒಂದು ಊಹೆ ಸೇರಿಕೊಂಡಿದೆ. ಪತ್ರಿಕೆ ಓದುವುದು ಸುದ್ದಿ ತಿಳಿಯಲಿಕ್ಕೆ, ಸುದ್ದಿ ಬೇರೆ ಕಡೆಯಿಂದ ತಿಳಿದರೆ ಅದರ ಕೆಲಸ ಮುಗಿಯಿತು ಎಂಬುದು ಆ ಊಹೆ. ಇದನ್ನು ಪರೀಕ್ಷಿಸಿ ನೋಡುವ ಅವಕಾಶ ಒಮ್ಮೆ ತಾನಾಗಿಯೇ ಒದಗಿಬಂದಿತ್ತು. 1945ರ ಜೂನ್ 30ರಂದು ನ್ಯೂಯಾರ್ಕ್‌ನಲ್ಲಿ ಪತ್ರಿಕೆ ಸಾಗಿಸುವ ಕಾರ್ಮಿಕರು ಮುಷ್ಕರ ಹೂಡಿದರು. 17 ದಿನ ಆ ನಗರದ ಬಹುಪಾಲು ಓದುಗರಿಗೆ ಪತ್ರಿಕೆ ಸಿಗಲಿಲ್ಲ. ಸುದ್ದಿಗೇನೂ ಬರವಿರಲಿಲ್ಲ, ರೇಡಿಯೊ ಇತ್ತು, ಅದರಲ್ಲಿ ಯುದ್ಧದ ವಾರ್ತೆಗಳು ಬರುತ್ತಿದ್ದವು. ಮೇಯರ್ ಫಿಯೊರೆಲ್ಲೊ ಲಾಗಾರ್ಡಿಯಾ ಅವರಂತೂ ರೇಡಿಯೊ ಮುಂದೆ ಕೂತು ಪತ್ರಿಕೆಯ ಚಿತ್ರಕಥೆಗಳನ್ನು ಅಭಿನಯ ಸಮೇತ ಮಕ್ಕಳಿಗೆ ಓದಿ ಹೇಳಿದರು. ಆ ದಿನಗಳಲ್ಲಿ ಬರ್ನಾರ್ಡ್ ಬೆರೆಲ್ಸನ್ ಎಂಬ ಸಂಶೋಧಕರು ಓದುಗರನ್ನು ಮಾತನಾಡಿಸಿ, ಪತ್ರಿಕೆ ಇಲ್ಲದಿರುವುದರಿಂದ ನಿಮಗೆ ನಿಜಕ್ಕೂ ಏನು ತಪ್ಪಿಹೋಗಿದೆ ಎಂದು ಕೇಳಿದರು. ಪತ್ರಿಕೆ ಬಹಳ ಮುಖ್ಯ ಎಂದು ಹೆಚ್ಚುಕಡಿಮೆ ಎಲ್ಲರೂ ಹೇಳಿದರು. ಯಾವ ಸುದ್ದಿಯ ಬಗ್ಗೆ ಇನ್ನಷ್ಟು ತಿಳಿಯಬೇಕಿತ್ತು ಎಂದು ಒತ್ತಿ ಕೇಳಿದಾಗ ಮಾತ್ರ ಹೆಚ್ಚಿನವರು ತಡವರಿಸಿದರು. ಒಂದು ಸುದ್ದಿಯನ್ನೂ ಹೆಸರಿಸಲಾಗದವರು ಕೂಡ ಏನನ್ನೋ ಕಳೆದುಕೊಂಡವರಂತೆ ಇದ್ದರು. ಕೆಲವರು ಹಳೆಯ ನಿಯತಕಾಲಿಕೆಗಳನ್ನೇ ತೆಗೆದು ಓದುತ್ತಿದ್ದರು. ಬೆರೆಲ್ಸನ್ ಅವರ ಬರಹ 1949ರಲ್ಲಿ ಪ್ರಕಟವಾಯಿತು. ಸುದ್ದಿ ಆ ಓದುಗರಿಗೆ ಸಿಕ್ಕಿತ್ತು, ಪತ್ರಿಕೆ ಸಿಕ್ಕಿರಲಿಲ್ಲ. ಅಂದಮೇಲೆ ಪತ್ರಿಕೆಯಲ್ಲಿ ಸುದ್ದಿಯ ಜೊತೆಗೆ ಮತ್ತೇನೋ ಇರಲೇಬೇಕು.

ಆ ಮತ್ತೇನೋ ಎಂದರೆ ನನ್ನ ಪ್ರಕಾರ ಇಷ್ಟೇ: ಪತ್ರಿಕೆ ಮುಗಿಯುತ್ತದೆ.

ಹದಿನಾರು ಪುಟವಿರಲಿ, ಇಪ್ಪತ್ತನಾಲ್ಕು ಪುಟವಿರಲಿ, ಕೊನೆಯ ಪುಟ ಎಂಬುದೊಂದಿದೆ. ಅದನ್ನು ಓದಿ ಮಡಚಿಟ್ಟರೆ ಆ ದಿನದ ಲೋಕವಾರ್ತೆ ಅಷ್ಟಕ್ಕೆ ಮುಗಿಯಿತು. ಏಳಬಹುದು, ಬೇರೆ ಕೆಲಸ ನೋಡಬಹುದು. ಮೊಬೈಲ್‌ನಲ್ಲಿ ಈ ಮುಗಿಯುವಿಕೆಯನ್ನು ಉದ್ದೇಶಪೂರ್ವಕವಾಗಿಯೇ ತೆಗೆದುಹಾಕಿದ್ದಾರೆ. ಬೆರಳಿನಿಂದ ತಳ್ಳಿದಷ್ಟೂ ಕೆಳಗಿನಿಂದ ಹೊಸದು ಬರುತ್ತಲೇ ಇರುವ ಪುಟವನ್ನು 2006ರಲ್ಲಿ ರೂಪಿಸಿದವರೆಂದು ಹೆಸರಾದ ಏಜಾ ರಾಸ್ಕಿನ್, ಅದಕ್ಕಾಗಿ ಆಮೇಲೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟಿದ್ದಾರೆ. ಪಟ್ಟು ಏನು ಪ್ರಯೋಜನ? ಅದು ಈಗ ಎಲ್ಲ ಕಡೆ ಇದೆ. ಅರ್ಧ ಗಂಟೆ ಸುದ್ದಿ ನೋಡಿದ ಮೇಲೂ ‘ಇವತ್ತಿನದು ಓದಿ ಆಯಿತು’ ಎಂದು ಹೇಳುವ ಹಾಗಿಲ್ಲ. ಓದಿದ್ದಕ್ಕಿಂತ ಓದದೆ ಉಳಿದದ್ದೇ ಹೆಚ್ಚು ಎಂಬ ಕಿರಿಕಿರಿ ಬೆನ್ನು ಬಿಡುವುದಿಲ್ಲ. ಕೆಲವರು ಇದನ್ನು ಸುದ್ದಿಯ ಹಸಿವು ಎಂದು ಹೊಗಳುತ್ತಾರೆ. ಎಷ್ಟು ಬಡಿಸಿದರೂ ತುಂಬದ ಹೊಟ್ಟೆಯನ್ನು ಆರೋಗ್ಯದ ಲಕ್ಷಣ ಎಂದು ಯಾರೂ ಹೇಳುವುದಿಲ್ಲ.

ಜಾಗಕ್ಕೆ ಮಿತಿ ಇರುವುದರಿಂದಲೇ ಇನ್ನೊಂದು ಗುಣ ಹುಟ್ಟುತ್ತದೆ. ಇದ್ದ ಜಾಗದಲ್ಲಿ ಯಾವುದು ದೊಡ್ಡದಾಗಿ ಬರಬೇಕು, ಯಾವುದು ಮೂಲೆಗೆ ಹೋಗಬೇಕು, ಯಾವುದು ಬರಲೇಬಾರದು ಎಂದು ಯಾರೋ ಕೂತು ತೀರ್ಮಾನಿಸಲೇಬೇಕು. ಇದು ಪತ್ರಿಕೆಯ ಜೊತೆಗೇ ಹುಟ್ಟಿದ ಸಂಗತಿಯಲ್ಲ. ಜಗತ್ತಿನ ಮೊದಲ ಮುದ್ರಿತ ಸುದ್ದಿಪತ್ರಿಕೆ ಎಂದು ಸಾಮಾನ್ಯವಾಗಿ ಗುರುತಿಸುವುದು ಸ್ಟ್ರಾಸ್‌ಬರ್ಗ್‌ನಲ್ಲಿ ಯೊಹಾನ್ ಕಾರೊಲುಸ್ 1605ರಲ್ಲಿ ಆರಂಭಿಸಿದ ‘ರಿಲೇಷನ್’ ಅನ್ನು. ಆತ ಅದಕ್ಕೆ ಮುಂಚೆ ಬೇರೆ ಬೇರೆ ನಗರಗಳಿಂದ ಬಂದ ಸುದ್ದಿಯ ಓಲೆಗಳನ್ನು ಕೈಯಲ್ಲಿ ನಕಲು ಮಾಡಿ ಹಣವಂತರಿಗೆ ಮಾರುತ್ತಿದ್ದ. ಬರೆದು ಬರೆದು ಸಾಕಾಗಿ, ಅಚ್ಚು ಹಾಕಿದರೆ ಬೇಗ ಮುಗಿಯುತ್ತದೆ ಎಂದು ಅಚ್ಚಿಗೆ ಇಳಿದ. ಅವನ ಪತ್ರಿಕೆಯಲ್ಲಿ ಇಂದಿನಂಥ ತಲೆಬರಹಗಳಿಲ್ಲ. ಇಂಥ ಊರಿನಿಂದ ಇಂಥ ದಿನಾಂಕದ ವರ್ತಮಾನ ಎಂದು ಬಂದ ಹಾಗೆಯೇ ಒಂದರ ಕೆಳಗೊಂದು ಸಾಲಾಗಿ ಇಟ್ಟಿದ್ದಾನೆ. ನಾಲ್ಕು ಶತಮಾನ ದಾಟಿ ನಮ್ಮ ಮೊಬೈಲ್ ಪರದೆ ಮತ್ತೆ ಅಲ್ಲಿಗೇ ಬಂದು ನಿಂತಂತಿದೆ. ಪ್ರಳಯದ ಸುದ್ದಿಗೂ ನಟನೊಬ್ಬನ ಹೊಸ ಕ್ಷೌರಕ್ಕೂ ಅಲ್ಲಿ ಒಂದೇ ಅಳತೆಯ ಚೌಕ.

ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ 1966ರ ಮೇ 3ರವರೆಗೆ ತನ್ನ ಮುಖಪುಟವನ್ನು ಸಣ್ಣ ಜಾಹೀರಾತುಗಳಿಗೇ ಬಿಟ್ಟುಕೊಟ್ಟಿತ್ತು. ಆ ದಿನ ಮೊದಲ ಬಾರಿಗೆ ಸುದ್ದಿ ಮುಖಪುಟಕ್ಕೆ ಬಂತು. ಅಂದರೆ ಮುಖಪುಟದ ಸುದ್ದಿ ಎಂಬ ಗೌರವವೂ ಸುದ್ದಿಮನೆಯವರು ಕಟ್ಟಿದ್ದೇ. ಆದರೆ ಅದು ಕಣ್ಣಿಗೆ ಕಾಣುವಂತೆ ಕಟ್ಟಿದ್ದು. ಎಂಟು ಕಾಲಂ ಉದ್ದದ ತಲೆಬರಹ ಕಂಡರೆ ಇದು ದೊಡ್ಡ ಸುದ್ದಿ ಎಂದು ಅವರು ಭಾವಿಸಿದ್ದಾರೆ ಎಂದು ತಿಳಿಯುತ್ತದೆ. ಏಳನೆಯ ಪುಟದ ಕೆಳಮೂಲೆಯಲ್ಲಿ, ಒಂದೇ ಕಾಲಮ್ಮಿನಲ್ಲಿ ಬಂದ ಆರು ಸಾಲು ಕಂಡರೆ ಬೇರೆ ಅರ್ಥ. ಪತ್ರಿಕೆಯನ್ನು ವರ್ಷಗಟ್ಟಲೆ ಓದುವವರು ಅಕ್ಷರಗಳ ಜೊತೆಗೆ ಈ ಅಳತೆಗಳನ್ನೂ ಓದುತ್ತಾರೆ. ಮತ್ತು ಜಗಳ ತೆಗೆಯುತ್ತಾರೆ. ‘ಇದನ್ನು ಒಳಗೆ ಹಾಕಿದ್ದಾರಲ್ಲ, ಯಾರ ಮುಲಾಜಿಗೆ?’ ‘ಈ ಭಾಷಣಕ್ಕೆ ಅರ್ಧ ಪುಟವೇ?’ ಇಂಥ ಜಗಳದ ಸುಖವನ್ನು ಓದಿನ ಸುಖದಲ್ಲಿ ಸೇರಿಸದೆ ಹೋದರೆ ಲೆಕ್ಕ ತಪ್ಪುತ್ತದೆ. ನನಗಂತೂ ಅದರ ಪಾಲು ಬಹಳ ದೊಡ್ಡದು. ಮೊಬೈಲ್‌ನಲ್ಲಿ ಯಾರ ಜೊತೆ ಜಗಳವಾಡುವುದು? ನನಗೆ ಕಾಣುವ ಸಾಲು ನಿಮಗೆ ಕಾಣುವುದಿಲ್ಲ. ನಾನು ನಿನ್ನೆ ಏನು ಒತ್ತಿದೆನೋ ಅದರ ಮೇಲೆ ಇಂದಿನದು ಜೋಡಣೆಯಾಗಿರುತ್ತದೆ. ಅಚ್ಚಾದ ಪುಟ ಆ ಆವೃತ್ತಿಯ ಎಲ್ಲರಿಗೂ ಒಂದೇ. ನಾನು ಸಿಟ್ಟಾದ ಸುದ್ದಿಗೆ ನಿಮಗೂ ಸಿಟ್ಟಾಗುವ ಅವಕಾಶವಿದೆ.

ಅಚ್ಚಾದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಆಗುವುದಿಲ್ಲ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆಯನ್ನೇ ನಾನೂ ಕೊಡುತ್ತೇನೆ, ಏಕೆಂದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. 1948ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯ ರಾತ್ರಿ ‘ಶಿಕಾಗೊ ಟ್ರಿಬ್ಯೂನ್’ ಪತ್ರಿಕೆಯಲ್ಲಿ ಅಚ್ಚುಮೊಳೆ ಜೋಡಿಸುವವರ ಮುಷ್ಕರ ನಡೆದಿತ್ತು. ಅದರಿಂದಾಗಿ ಎಂದಿಗಿಂತ ಕೆಲವು ಗಂಟೆ ಮೊದಲೇ ಪುಟ ಕಟ್ಟಬೇಕಾಗಿತ್ತು. ಎಣಿಕೆ ಮುಗಿಯುವ ಮುನ್ನವೇ ಟ್ರೂಮನ್ ಅವರನ್ನು ಡ್ಯೂಯಿ ಸೋಲಿಸಿದರು ಎಂದು ದಪ್ಪಕ್ಷರದಲ್ಲಿ ಹಾಕಿ ಯಂತ್ರ ಓಡಿಸಿಬಿಟ್ಟರು. ಗೆದ್ದವರು ಟ್ರೂಮನ್. ಅವರು ಆ ಪತ್ರಿಕೆಯನ್ನು ಎತ್ತಿ ಹಿಡಿದು ನಗುತ್ತಿರುವ ಛಾಯಾಚಿತ್ರವನ್ನು ನೋಡದವರು ಕಡಿಮೆ. ಇಂದು ಅಂತರ್ಜಾಲದಲ್ಲಿ ಇದೇ ತಪ್ಪು ನಡೆದರೆ ಹತ್ತು ನಿಮಿಷದಲ್ಲಿ ತಲೆಬರಹ ಬದಲಾಗಿರುತ್ತದೆ, ಮೊದಲು ಏನಿತ್ತು ಎಂಬುದಕ್ಕೆ ಗುರುತೂ ಸಿಗದಿರಬಹುದು. ಕಾಗದದ ಮೇಲೆ ತಪ್ಪಾದರೆ ಮರುದಿನ ತಿದ್ದುಪಡಿ ಹಾಕಬೇಕು, ಅದೂ ಅಚ್ಚಿನಲ್ಲೇ. ಒಳಪುಟದಲ್ಲಿ ಯಾರಿಗೂ ಕಾಣದ ಹಾಗೆ ಹಾಕುತ್ತಾರೆ ಎಂಬುದು ಬೇರೆ ಮಾತು. ನಾನಂತೂ ಹುಡುಕಿ ಓದುತ್ತೇನೆ. ತಪ್ಪು ಮಾಡಿದರೆ ಹೊತ್ತುಕೊಂಡೇ ತಿರುಗಬೇಕು ಎಂಬ ಭಯ ಬರೆಯುವ ಕೈಗೆ ಒಳ್ಳೆಯದು.

ಪುಟದ ನೆರೆಹೊರೆಯ ಮಾತು ಇನ್ನೂ ಬಾಕಿ ಇದೆ. ಕ್ರಿಕೆಟ್ ಸ್ಕೋರ್ ನೋಡಲು ಹೋದ ಕಣ್ಣು ಪಕ್ಕದಲ್ಲಿದ್ದ ಚದುರಂಗದ ಸುದ್ದಿಗೆ ಜಾರುತ್ತದೆ. ಸಂಪಾದಕೀಯ ಓದುವಾಗ ಕೆಳಗಿನ ಓದುಗರ ಪತ್ರ ಕಣ್ಣಿಗೆ ಬೀಳುತ್ತದೆ, ಎಷ್ಟೋ ಸಲ ಸಂಪಾದಕೀಯಕ್ಕಿಂತ ಅದೇ ಚೆನ್ನಾಗಿರುತ್ತದೆ. ನಿಧನ ವಾರ್ತೆಗಳ ಪುಟದಲ್ಲಿ ಬದುಕಿದ್ದಾಗ ಹೆಸರೇ ಕೇಳಿರದ ಯಾರದೋ ಜೀವನಚರಿತ್ರೆ ನೂರು ಪದಗಳಲ್ಲಿ ಸಿಗುತ್ತದೆ. ನಾನು ಹುಡುಕಿಕೊಂಡು ಹೋಗಲಾರದ ವಿಷಯಗಳು ಇವೆಲ್ಲ, ಏಕೆಂದರೆ ಅವು ಇವೆ ಎಂಬುದೇ ನನಗೆ ಗೊತ್ತಿರಲಿಲ್ಲ. ಗೊತ್ತಿರುವುದನ್ನು ಹುಡುಕಿಕೊಡುವುದರಲ್ಲಿ ಮೊಬೈಲ್‌ಗೆ ಸರಿಸಾಟಿ ಇಲ್ಲ ಎಂಬುದನ್ನು ಒಪ್ಪೋಣ. ನನ್ನ ಅಭಿರುಚಿಯನ್ನು ಕೇಳದೆಯೇ ನನ್ನ ಮುಂದೆ ತಂದಿಡುವ ಉದ್ಧಟತನ ಮಾತ್ರ ಅದಕ್ಕಿಲ್ಲ.

ಓದಿದ್ದು ತಲೆಗೆ ಹತ್ತುವ ವಿಷಯದಲ್ಲೂ ಕಾಗದದ ಪರವಾಗಿ ಸಾಕ್ಷ್ಯವಿದೆ. 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2018ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಭಾಗವಹಿಸಿದ್ದವರು 1.7 ಲಕ್ಷಕ್ಕೂ ಹೆಚ್ಚು. ಮಾಹಿತಿ ನೀಡುವ ಬರಹಗಳನ್ನು ಕಾಗದದ ಮೇಲೆ ಓದಿದವರು ಪರದೆಯ ಮೇಲೆ ಓದಿದವರಿಗಿಂತ ಸ್ವಲ್ಪ ಹೆಚ್ಚು ಗ್ರಹಿಸಿದರು. ಸಮಯದ ಒತ್ತಡ ಇದ್ದಾಗ ಅಂತರ ಇನ್ನಷ್ಟು ಎದ್ದು ಕಂಡಿತು. ಕಥೆಗಳ ಓದಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ವರ್ಷ ಕಳೆದಂತೆ, ಜನ ಪರದೆಗೆ ಒಗ್ಗಿದಂತೆ ಈ ಅಂತರ ಕಡಿಮೆಯಾಗಬೇಕಿತ್ತಲ್ಲವೇ? ಹೆಚ್ಚಾಗಿತ್ತು. ಇವು ಪತ್ರಿಕೆಯ ಬಗ್ಗೆಯೇ ಮಾಡಿದ ಅಧ್ಯಯನಗಳಲ್ಲ, ಹಾಗಾಗಿ ಇದನ್ನು ಹಿಡಿದುಕೊಂಡು ನಾನು ಹೆಚ್ಚು ಎಳೆಯುವುದಿಲ್ಲ. ಇಷ್ಟು ಹೇಳಬಲ್ಲೆ: ಕಾಗದದಲ್ಲಿ ಓದಿದ್ದು ನನಗೆ ಜಾಗದ ಸಮೇತ ನೆನಪಿರುತ್ತದೆ. ಎಡಪುಟ, ಮೇಲ್ಭಾಗ, ಸೇತುವೆಯ ಚಿತ್ರದ ಕೆಳಗೆ, ಹೀಗೆ. ಮೊಬೈಲ್‌ನಲ್ಲಿ ಓದಿದ್ದಕ್ಕೆ ವಿಳಾಸವೇ ಇರುವುದಿಲ್ಲ.

ಘಮವನ್ನು ಅಲ್ಲಗಳೆದೆ, ಆದರೆ ವಸ್ತುವಾಗಿ ಪತ್ರಿಕೆ ನನಗೆ ಇಷ್ಟವೇ. ಅದರ ಒಂದು ಅಂಚನ್ನು ಗಮನಿಸಿ, ಗರಗಸದ ಹಲ್ಲಿನಂತೆ ಅಂಕುಡೊಂಕಾಗಿರುತ್ತದೆ. ದೊಡ್ಡ ಉರುಳೆಯಿಂದ ಓಡುತ್ತ ಬರುವ ಕಾಗದವನ್ನು ಯಂತ್ರ ಹಲ್ಲಿರುವ ಅಲಗಿನಿಂದ ಕತ್ತರಿಸಿದ ಗುರುತು ಅದು. ಪುಟದ ಅಂಚಿನಲ್ಲಿ ನೀಲಿ, ಗುಲಾಬಿ, ಹಳದಿ, ಕಪ್ಪು ಬಣ್ಣದ ಸಣ್ಣ ಚುಕ್ಕೆಗಳು ಕಾಣುತ್ತವೆ. ನಾಲ್ಕು ಬಣ್ಣಗಳ ಅಚ್ಚು ಒಂದರ ಮೇಲೊಂದು ಸರಿಯಾಗಿ ಕೂತಿದೆಯೇ ಎಂದು ಮುದ್ರಣಾಲಯದವರು ನೋಡಿಕೊಳ್ಳುವುದು ಅವುಗಳಿಂದ. ಒಂದು ಬಣ್ಣ ಕೂದಲೆಳೆಯಷ್ಟು ಸರಿದರೂ ಸಚಿವರಿಗೆ ಎರಡು ಜೊತೆ ತುಟಿ ಬರುತ್ತದೆ. ಬೆರಳಿಗೆ ಕಪ್ಪು ಹತ್ತುವುದಕ್ಕೂ ಕಾರಣವಿದೆ. ಪತ್ರಿಕೆಯ ಶಾಯಿಯನ್ನು ಸಾಮಾನ್ಯವಾಗಿ ಬಿಸಿ ಮಾಡಿ ಒಣಗಿಸುವುದಿಲ್ಲ, ಕಾಗದವೇ ಅದನ್ನು ಹೀರಿಕೊಳ್ಳಬೇಕು, ಪೂರ್ತಿ ಹೀರಿಕೊಳ್ಳುವಷ್ಟರಲ್ಲಿ ನಮ್ಮ ಕೈ ಅಲ್ಲಿರುತ್ತದೆ. ಬಿಸಿಲಿಗಿಟ್ಟರೆ ಕೆಲವೇ ದಿನಗಳಲ್ಲಿ ಹಳದಿಯಾಗುವುದು ಮರದ ತಿರುಳಿನ ಜೊತೆಗೇ ಬರುವ ಲಿಗ್ನಿನ್ ಎಂಬ ಅಂಶದಿಂದ. ಇವು ಒಂದು ದಿನದ ಬಾಳಿಕೆಗೆಂದೇ ಮಾಡಿದ ವಸ್ತುವಿನ ಲಕ್ಷಣಗಳು. ಆದ್ದರಿಂದಲೇ ಅದರ ಮೇಲೆ ಗೀಚಬಹುದು, ಬೇಕಾದ್ದನ್ನು ಕತ್ತರಿಸಿ ಇಟ್ಟುಕೊಳ್ಳಬಹುದು, ಪದಬಂಧವನ್ನು ಪೆನ್ನಿನಲ್ಲೇ ತುಂಬಿಸುವ ದುಸ್ಸಾಹಸ ಮಾಡಬಹುದು. ಮಧ್ಯದ ಪುಟ ತಮಗೆ, ಕ್ರೀಡಾಪುಟ ಇನ್ನೊಬ್ಬರಿಗೆ ಎಂದು ಹರಿದು ಹಂಚಿಕೊಳ್ಳಬಹುದು. ಮೊಬೈಲನ್ನು ಹಾಗೆ ಯಾರೂ ಹಂಚಿಕೊಳ್ಳುವುದಿಲ್ಲ.

ದೊಡ್ಡ ಹಾಳೆಯನ್ನು ಜನಜಂಗುಳಿಯಲ್ಲಿ ಓದುವುದೂ ಒಂದು ವಿದ್ಯೆ. ಬಿಡಿಸಿ, ನಡುಗೆರೆಯಲ್ಲಿ ಹಿಂದಕ್ಕೆ ಮಡಚಿ, ಮತ್ತೆ ಅಡ್ಡಡ್ಡ ಅರ್ಧ ಮಾಡಿ, ಬೇಕಾದ ಕಾಲಂ ಮಾತ್ರ ಮೇಲೆ ಉಳಿಯುವಂತೆ ಹಿಡಿಯುವವರ ಕೈಚಳಕವನ್ನು ನಾನು ಪುಕ್ಕಟೆ ಪ್ರದರ್ಶನದಂತೆ ನೋಡುತ್ತೇನೆ.

ಇಷ್ಟೆಲ್ಲ ಹೇಳಿದೆನೆಂದು ಪತ್ರಿಕೆಯ ಮೇಲೆ ದೂರಿಲ್ಲ ಎಂದಲ್ಲ. ಮುಖಪುಟ ಎಂದು ನೋಡಿದರೆ ಇಡೀ ಪುಟ ಜಾಹೀರಾತು, ತಿರುವಿದರೆ ಮತ್ತೊಂದು ಜಾಹೀರಾತು, ನಿಜವಾದ ಮುಖಪುಟ ಮೂರನೆಯದು. ಕಾಲಮ್ಮಿನ ನಡುವೆ ‘ಮುಂದುವರಿದಿದೆ’ ಎಂದು ಹೇಳಿ ಓದುಗನನ್ನು ಹನ್ನೊಂದನೆಯ ಪುಟಕ್ಕೆ ಓಡಿಸುವುದಂತೂ ಶುದ್ಧ ಅನ್ಯಾಯ. ಅವಸರದ ಸುದ್ದಿಗೆ, ಪ್ರವಾಹ, ಭೂಕಂಪದಂಥ ಹೊತ್ತಿನಲ್ಲಿ ಪತ್ರಿಕೆ ಕೈಗೆ ಬರುವವರೆಗೆ ಕಾಯುವವನು ಮೂರ್ಖ. ಅಂಥ ಹೊತ್ತಿನಲ್ಲಿ ನಾನೂ ಮೊಬೈಲ್ ನೋಡುತ್ತೇನೆ. ಆದರೆ ಅವಸರದ ಸುದ್ದಿ ದಿನವೂ ಇರುವುದಿಲ್ಲ, ಅವಸರ ಮಾತ್ರ ದಿನವೂ ಇರುತ್ತದೆ.

ಮುಂದಿನ ಪ್ರಶ್ನೆಯೂ ಗೊತ್ತು: ಇದೆಲ್ಲ ಎಷ್ಟು ದಿನ? ಬ್ರಿಟನ್ನಿನ ‘ದಿ ಇಂಡಿಪೆಂಡೆಂಟ್’ 2016ರ ಮಾರ್ಚ್‌ನಲ್ಲಿ ಅಚ್ಚು ನಿಲ್ಲಿಸಿತು. ವಿಯೆನ್ನಾದಲ್ಲಿ 1703ರಿಂದ ಬರುತ್ತಿದ್ದ ‘ವೀನರ್ ಟ್ಸೈಟುಂಗ್’ ದಿನಪತ್ರಿಕೆಯ ಕೊನೆಯ ಮುದ್ರಿತ ದೈನಿಕ ಸಂಚಿಕೆ 2023ರ ಜೂನ್ 30ರಂದು ಹೊರಬಂತು. ಕಂಪನಿಗಳು ಅದರಲ್ಲಿ ಪ್ರಕಟಣೆ ಹಾಕಲೇಬೇಕು ಎಂಬ ನಿಯಮವನ್ನು ಸರ್ಕಾರ ರದ್ದು ಮಾಡಿದ ಮೇಲೆ ಅದರ ಮುಖ್ಯ ಆದಾಯವೇ ಹೋಯಿತು. ಪತ್ರಿಕೆ ನಿಲ್ಲುವುದು ಓದುಗರಿಗೆ ಬೇಸರವಾದಾಗಲೇ ಎಂದು ಹೇಳುವವರು ಇದನ್ನೂ ಗಮನಿಸಬೇಕು. ಓದುಗರು ಇದ್ದೂ ಜಾಹೀರಾತು ಹೋದರೆ ಯಂತ್ರ ನಿಲ್ಲುತ್ತದೆ.

ಒಂದು ವೇಳೆ ನಾಳೆ ಎಲ್ಲ ಯಂತ್ರಗಳೂ ನಿಂತರೆ ನಾನು ಎದೆ ಬಡಿದುಕೊಳ್ಳುವುದಿಲ್ಲ. ದಿನಕ್ಕೊಮ್ಮೆ ಬರುವ, ಇಷ್ಟೇ ಪುಟ ಎಂದು ಗೊತ್ತಿರುವ, ನನಗೂ ನಿಮಗೂ ಒಂದೇ ಆಗಿರುವ, ಒಮ್ಮೆ ಬಂದಮೇಲೆ ಸದ್ದಿಲ್ಲದೆ ಬದಲಾಗದ, ಕೊನೆಯ ಪುಟವಿರುವ ಸಂಚಿಕೆಯನ್ನು ಪರದೆಯ ಮೇಲೆ ಕೊಟ್ಟರೂ ಓದುತ್ತೇನೆ. ಕೆಲವು ಪತ್ರಿಕೆಗಳ ಇ-ಪೇಪರ್ ಈಗಲೇ ಅದಕ್ಕೆ ಹತ್ತಿರದಲ್ಲಿದೆ, ಅಕ್ಷರ ಹಿಗ್ಗಿಸಿ ಹಿಗ್ಗಿಸಿ ಓದುವ ತಾಳ್ಮೆ ಇರಬೇಕಷ್ಟೆ. ಪದಬಂಧಕ್ಕೆ ಮಾತ್ರ ಅವರು ಬೇರೆ ಏನಾದರೂ ಏರ್ಪಾಡು ಮಾಡಬೇಕು.